ಯಾರನ್ನೂ ಕೇಳಬೇಕಾಗಿಲ್ಲದ ಲಿಫ್ಟು

ನಮ್ಮ ಮನೆಯವರು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮನೆಗೆ ಬರಲು ಶುರು ಮಾಡಿದಾಗ ನಾನು ನಿಜಕ್ಕೂ ಖುಷಿಪಟ್ಟಿದ್ದೆ. ಇಷ್ಟು ವರ್ಷದ ಮೇಲೆ ಹೆಂಡತಿಯ ನೆನಪಾಯಿತಲ್ಲ ಅಂತ. ಬಿಸಿಬಿಸಿ ಮಂಡಕ್ಕಿ ಒಗ್ಗರಣೆ ಮಾಡಿಡುತ್ತಿದ್ದೆ.

ಆಮೇಲೆ ಗೊತ್ತಾಯಿತು. ಅವರು ಬೇಗ ಬರುತ್ತಿದ್ದದ್ದು ನನಗಾಗಿ ಅಲ್ಲ, ಪಾರ್ಕಿಂಗಿಗಾಗಿ!

ಚಳ್ಳಕೆರೆಯ ನಮ್ಮ ಮನೆಗೆ ಪೋರ್ಟಿಕೋ ಒಂದೇ. ಕೆಳಗೆ ನಾವು, ಮೇಲೆ ಭಾವನವರು, ಅಂದರೆ ನನ್ನ ಗಂಡನ ಅಣ್ಣ. ಹೋದ ವರ್ಷ ಶೇಂಗಾ ವ್ಯಾಪಾರ ಪಾಲಾಯಿತು. ಅಂಗಡಿ ಎರಡಾಯಿತು, ಅಡುಗೆಮನೆ ಎರಡಾಯಿತು, ಕರೆಂಟಿನ ಮೀಟರೂ ಎರಡಾಯಿತು. ಅಣ್ಣತಮ್ಮಂದಿರ ಮಾತು ಮಾತ್ರ ಎರಡಾಗಲಿಲ್ಲ, ನಿಂತೇಹೋಯಿತು. ಪೋರ್ಟಿಕೋವನ್ನು ಕೊಯ್ದು ಹಂಚಲು ಆಗುವುದಿಲ್ಲವಲ್ಲ? ಮೊದಲು ಬಂದವರ ಕಾರು ಒಳಗೆ, ತಡವಾದವರದು ರಸ್ತೆಯಲ್ಲಿ. ಹಾಗಾಗಿ ಇಬ್ಬರೂ ಪೈಪೋಟಿಯ ಮೇಲೆ ಅಂಗಡಿಗೆ ಬೀಗ ಹಾಕಿ ಓಡಿಬರುತ್ತಿದ್ದರು. (ಗಿರಾಕಿಗಳು ಏನಂದುಕೊಂಡರೋ, ಆ ಶಿವನಿಗೇ ಗೊತ್ತು.)

ಒಂದು ದಿನ ರಸ್ತೆಯಲ್ಲಿ ನಿಂತ ನಮ್ಮ ಕಾರಿನ ಕನ್ನಡಿಯನ್ನು ಶೇಂಗಾ ಚೀಲ ಹೇರಿದ ಟ್ರಾಕ್ಟರ್ ಕಿತ್ತುಕೊಂಡು ಹೋಯಿತು. ಅವತ್ತೇ ನಮ್ಮವರು ಮೊಬೈಲ್ ಹಿಡಿದು ಕೂತು, ಕಾರಿನ ಮೇಲೆ ಕಾರು ನಿಲ್ಲಿಸುವ ಲಿಫ್ಟ್ ಹುಡುಕಿದರು. ಸುದ್ದಿ ನನಗೆ ಹೇಳಿದರು. ನಾನು ಅಕ್ಕನಿಗೆ, ಅಂದರೆ ನನ್ನ ವಾರಗಿತ್ತಿಗೆ ಹೇಳಿದೆ. ಅಕ್ಕ ಭಾವನವರಿಗೆ ಹೇಳಿದರು. "ಆಗ್ಲಿ ಅನ್ನು" ಎಂಬ ಉತ್ತರ ಅದೇ ದಾರಿಯಲ್ಲಿ ವಾಪಸ್ ಬಂತು. ಅಷ್ಟು ಹೊತ್ತೂ ಇಬ್ಬರೂ ಒಂದೇ ಪೋರ್ಟಿಕೋದ ಆ ಕಂಬಕ್ಕೊಬ್ಬರು ಈ ಕಂಬಕ್ಕೊಬ್ಬರು ಒರಗಿ ನಿಂತಿದ್ದರು!

ದಾವಣಗೆರೆಯಿಂದ ಲಿಫ್ಟ್ ಕಂಪನಿಯವನು ಬಂದ. ಮಾತಿನಮಲ್ಲ. ಸೂರು ನೋಡಿ ಹಿಗ್ಗಿದ. ಮಾವನವರು ಕಟ್ಟಿಸುವಾಗಲೇ ಚೀಲ ಹೇರಿದ ಲಾರಿ ಒಳಗೆ ಬರಬೇಕು ಅಂತ ಎತ್ತರಕ್ಕೆ ಕಟ್ಟಿಸಿದ್ದರು. ಹಾಗಾಗಿ ಎತ್ತರದ ಚಿಂತೆ ಇರಲಿಲ್ಲ.

"ಇದು ಸಿಂಪಲ್ ಮಾಡೆಲ್ ಸರ್. ನಾಲ್ಕು ಕಂಬ. ಒಂದು ಗಾಡಿ ಮೇಲೆ, ಒಂದು ಕೆಳಗೆ. ಮೇಲಿನದು ಇಳಿಸಬೇಕಾದ್ರೆ ಕೆಳಗಿನ ಗಾಡಿಯವ್ರು ತಮ್ಮದನ್ನ ಹೊರಗೆ ತೆಗೀಬೇಕು, ಅಷ್ಟೆ."

ಅಷ್ಟೆಯಾ?

ಭಾವನವರ ಕಾರು ಮೇಲಿದ್ದರೆ, ಹೊರಡುವಾಗಲೆಲ್ಲ ಅಣ್ಣನಾದವನು ತಮ್ಮನ ಬಾಗಿಲಿಗೆ ಬಂದು "ಗಾಡಿ ತೆಗಿ" ಅನ್ನಬೇಕು. ನಮ್ಮದು ಮೇಲಿದ್ದರೆ? ಅದಕ್ಕೆ ಅತ್ತೆಯದೇ ತಕರಾರು. ಎರಡೂ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದೊಂದು ಪುಟ್ಟ ನಂದಿ ಇದೆ. ದಿನಾ ವಿಭೂತಿ, ಹೂವು ಎಲ್ಲ ಆಗುತ್ತದೆ.

"ಲೇ, ದೊಡ್ಡೋನ ದ್ಯಾವ್ರ ತಲೆ ಮ್ಯಾಲೆ ಸಣ್ಣೋನ ಟೈರು ನಿಂದ್ರಬೇಕೇನ್ಲೇ?"

"ಮಧ್ಯೆ ದಪ್ಪ ತಗಡು ಇರುತ್ತೆ ಅಮ್ಮ. ಬೇಕಾದ್ರೆ ರಾತ್ರಿ ದೇವ್ರನ್ನ ತೆಗೆದು ಮನೆಯೊಳಗೆ ಇಡಿ, ಬೆಳಿಗ್ಗೆ ಮತ್ತೆ ಇಡಿ" ಅಂದ ಕಂಪನಿಯವನು.

"ದಿನಾ ಇಳ್ಸಿ ಹತ್ಸಾಕೆ ದ್ಯಾವ್ರೇನು ಶೇಂಗಾ ಚೀಲನಾ?" ಅಂದರು ಅತ್ತೆ.

ಕಂಪನಿಯವನ ತರಬೇತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ ಅಂತ ಕಾಣುತ್ತದೆ. ಬೆವರು ಒರೆಸಿಕೊಂಡು ಎರಡನೇ ಮಾಡೆಲ್ ತೆಗೆದ. ಇದಕ್ಕೆ ನೆಲದಲ್ಲಿ ಗುಂಡಿ ತೋಡಬೇಕು. ಒಂದು ಕಾರು ನೆಲಮಟ್ಟದಲ್ಲಿ, ಇನ್ನೊಂದು ಅದರಡಿ ಗುಂಡಿಯಲ್ಲಿ. ಗುಂಡಿಯದು ಬೇಕಾದಾಗ ಬಟನ್ ಒತ್ತಿದರೆ ಎರಡೂ ಮೇಲೇಳುತ್ತವೆ, ಕೆಳಗಿನದನ್ನು ಸೀದಾ ಓಡಿಸಿಕೊಂಡು ಹೋಗಬಹುದು.

"ಇದ್ರಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಸರ್. ಫುಲ್ ಇಂಡಿಪೆಂಡೆಂಟ್!"

ಗಂಡನ ಮುಖ ಅರಳಿತು. ಆ ಕಂಬದ ಹತ್ತಿರ ಭಾವನವರ ತಲೆಯೂ ಅಲ್ಲಾಡಿತು. ಪಾಲಾದ ಮೇಲೆ ನಮ್ಮಿಬ್ಬರ ಮಧ್ಯಸ್ಥಿಕೆಯಿಲ್ಲದೆ ಅಣ್ಣತಮ್ಮಂದಿರು ಒಪ್ಪಿದ ಮೊದಲ ಸಂಗತಿ ಅದು. ಅತ್ತೆ ದೇವರ ವಿಚಾರ ಕೇಳಿದರೆ, "ಅದು ನೆಲಮಾಳಿಗೆ ಇದ್ದಂಗೆ ಬಿಡವ್ವ" ಅಂದುಬಿಟ್ಟರು ನಮ್ಮವರು.

ಆದರೆ ಪೋರ್ಟಿಕೋದ ಕೆಳಗೆ ನೀರಿನ ಸಂಪ್ ಇದೆ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇರುವುದೇ ಅಲ್ಲಿ.

"ಮುಚ್ಚಿಬಿಡೋಣ. ಹಿತ್ತಲಾಗೆ ಎರಡು ಬ್ಯಾರೆ ಬ್ಯಾರೆ ಸಂಪ್ ಮಾಡಿದ್ರಾತು" ಅಂದರು ನಮ್ಮವರು.

ನನಗೆ ಅದು ಬೇಡವಾಗಿತ್ತು. ನೀವು ನಗಬಹುದು, ಸಂಪಿಗೆಲ್ಲ ಯಾರಾದರೂ ಸಂಕಟಪಡುತ್ತಾರಾ ಅಂತ. ಆ ಮನೆಯಲ್ಲಿ ಪಾಲಾಗದೆ ಉಳಿದದ್ದು ನೀರೊಂದೇ. ನಲ್ಲಿ ನೀರು ಬಿಡುವ ದಿನ ನಾನೂ ಅಕ್ಕನೂ ಸಂಪಿನ ಮುಚ್ಚಳ ಸರಿಸಿ, ತುಂಬುವವರೆಗೂ ಕಾಯುತ್ತಾ ಕೂರುತ್ತೇವೆ. ಗಂಡಂದಿರನ್ನು ಬೈಯುವುದು, ಮಕ್ಕಳ ಮದುವೆಯ ಚಿಂತೆ, ಸಾರಿನ ರುಚಿ, ಎಲ್ಲವೂ ಅಲ್ಲೇ. ಅದೂ ಎರಡಾದರೆ ನಾನು ಅಕ್ಕನ ಹತ್ತಿರ ಹೋಗಿ ಕೂರುವುದಕ್ಕೆ ಯಾವ ನೆಪ ಹೇಳಲಿ? ಅಕ್ಕನ ಮುಖ ನೋಡಿದೆ. ಅವರು ಆಗಲೇ ಸಂಪಿನ ಮುಚ್ಚಳ ನೋಡುತ್ತಾ ನಿಂತಿದ್ದರು.

"ಮಾಡಿಸೋ ಮುಂಚೆ ಎಲ್ಲಾದ್ರೂ ಓಡೋದನ್ನ ನೋಡ್ಕಂಬರ್ರಿ" ಅಂದೆ. ಒಂದಿಷ್ಟು ದಿನ ತಳ್ಳಿದರೆ ಸಾಕಿತ್ತು ನನಗೆ. ಮೊಳಕಾಲ್ಮೂರು ನನ್ನ ತವರು. ಅಲ್ಲಿ ದೂರದ ಸಂಬಂಧಿ ವೀರಭದ್ರ ಮಾವ, ರೇಷ್ಮೆ ಸೀರೆ ವ್ಯಾಪಾರಿ, ಅಣ್ಣತಮ್ಮ ಒಂದೇ ಕಟ್ಟಡದಲ್ಲಿ ಎರಡು ಸಂಸಾರ ಮಾಡಿಕೊಂಡಿರುವವರು. ಇಂಥದ್ದೇ ಗುಂಡಿ ಲಿಫ್ಟ್ ಹಾಕಿಸಿದ್ದರು.

ಭಾನುವಾರ ಎಲ್ಲರೂ ಹೊರಟೆವು. ಎರಡು ಕಾರು ಬಾಗಿಲಿಗೆ ಬಂದವು. ಅತ್ತೆ ಭಾವನವರ ಕಾರು ಹತ್ತಿ ಕೂತು, "ಒಂದೇ ಊರಿಗೆ ಹೋಗೋರಿಗೆ ಎರಡು ಗಾಡಿ ಯಾಕ್ಲೇ?" ಅಂದರು. ಹೀಗೆ ನಮ್ಮವರು ಬಹಳ ದಿನದ ಮೇಲೆ ಅಣ್ಣನ ಪಕ್ಕದ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಎಡಗಡೆ ಕಿಟಕಿಯಾಚೆಯ ಕುರಿ ನೋಡಿದ್ದೇ ನೋಡಿದ್ದು.

ವೀರಭದ್ರ ಮಾವ ಕಾಫಿ ಕೊಟ್ಟು, ಹೊಸ ಸೊಸೆಯನ್ನು ತೋರಿಸುವವರ ಹಾಗೆ ಲಿಫ್ಟ್ ತೋರಿಸಲು ಕರೆದುಕೊಂಡು ಹೋದರು. ನೆಲದ ಮೇಲೆ ಅವರ ಕಾರು. ತಮ್ಮನದು ಕೆಳಗೆ, ಗುಂಡಿಯಲ್ಲಿ. ಮಾವನ ಮಾತಿನಲ್ಲಿ ಅರ್ಧ ತೆಲುಗು.

"ಬ್ರಹ್ಮಾಂಡಂ ಐತೆ ರೀ ಇದು! ತಮ್ಮುಡು ಯಾವಾಗ ಹೋಗ್ತಾನೆ, ಯಾವಾಗ ಬರ್ತಾನೆ, ನಂಗೆ ತೆಲೀನೇ ತೆಲೀದು, ಗೊತ್ತೇ ಆಗಲ್ಲ. ಜಗಳನೇ ಇಲ್ಲ!"

ಬಟನ್ ಒತ್ತಿದರು. ಗುಂಯ್ ಅಂತ ಸದ್ದು. ಅವರ ಕಾರು ಮೇಲೆ ಹೋಯಿತು. ಅದರ ಹಿಂದೆಯೇ ಕೆಳಗಿನ ಅಂತಸ್ತು ಎದ್ದು ಬಂತು.

ಖಾಲಿ.

ಮಾವ ಪೆಚ್ಚಾದರು. "ಭಾನುವಾರ ಎಲ್ಲಿಗೂ ಹೋಗಲ್ಲ ಇವ್ನು…" ಅನ್ನುತ್ತಾ ಹೋಗಿ ತಮ್ಮನ ಬಾಗಿಲು ನೋಡಿದರು. ಬೀಗ. ಫೋನ್ ಹಚ್ಚಿ, ನಮಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ಎಲ್ಲಿದೀಯೋ?"

"ಬಳ್ಳಾರಿ ಆಸ್ಪತ್ರೆಯಾಗೆ. ಹೊಟ್ಟೆ ಆಪರೇಷನ್ ಆತು ಮೊನ್ನೆ. ಈಗ ಪರ್ವಾಗಿಲ್ಲ." ಆ ಕಡೆಯ ದನಿ ಸಣ್ಣಗಿತ್ತು. "ನೀನ್ಯಾಕೆ ಫೋನ್ ಮಾಡ್ದೆ?" ಅಂತ ಕೇಳಿತು.

ಏನು ಹೇಳುತ್ತಾರೆ? ಲಿಫ್ಟ್ ತೋರಿಸೋದಕ್ಕೆ ಅಂತಲಾ? ಮಾವ ಸ್ಪೀಕರ್ ಆರಿಸಿ ಪಕ್ಕಕ್ಕೆ ಹೋದರು. ಬಂದಾಗ ಕಣ್ಣು ಕೆಂಪಾಗಿತ್ತು. "ನಾಕು ಚೆಪ್ಪಲೇದು, ನಂಗೆ ಹೇಳೇ ಇಲ್ಲ ನೋಡ್ರಿ" ಎಂದು ನಮಗೆ ಒಬ್ಬೊಬ್ಬರಿಗೂ ಹೇಳಿದರು. ಒಂದೇ ಗೋಡೆಯ ಆಚೆ ಮಲಗುವ ತಮ್ಮ ಹೊಟ್ಟೆ ಹಿಡಿದುಕೊಂಡು ಮನೆಯಿಂದ ಹೊರಟಿದ್ದಾನೆ. ಬಟನ್ ಸರಿಯಾಗಿ ಕೆಲಸ ಮಾಡಿದೆ. ಯಾರನ್ನೂ ಎಬ್ಬಿಸಬೇಕಾಗಿ ಬಂದಿಲ್ಲ. ನನಗೆ ಮಾವನ ಮೇಲೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು.

ವಾಪಸ್ ಬರುವಾಗ ಮೊಳಕಾಲ್ಮೂರಿನ ಹತ್ತಿರದ ಹಾನಗಲ್ ದಾಟಿತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. (ನಿದ್ದೆಯಲ್ಲ. ಅವರ ನಿದ್ದೆಗೆ ಗೊರಕೆ ಇರುತ್ತದೆ.) ಆಗ ಭಾವನವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅಂದರು:

"ಗುಂಡಿದು ಬ್ಯಾಡ ಕಣಲೇ."

ನನಗಲ್ಲ, ಅಕ್ಕನಿಗಲ್ಲ. ನೇರವಾಗಿ ತಮ್ಮನಿಗೆ! ಅಕ್ಕ ನನ್ನ ಕೈ ಹಿಡಿದುಕೊಂಡರು.

ನಮ್ಮವರು ಕಿಟಕಿಯಿಂದ ಈಚೆ ತಿರುಗಿದರು. "ಮತ್ತೆ ಮ್ಯಾಲೆ ಯಾರ್ದು ನಿಲ್ಸೋದು?"

"ನಂದೇ ಇರ್ಲಿ. ನೀನು ಬೆಳಿಗ್ಗೆ ಬೇಗ ಹೋಗ್ತೀಯ."

"ನಿಂಗೆ ಗಾಡಿ ಬೇಕಾದಾಗ?"

"ಕರೀತೀನಿ."

ಅಷ್ಟೇ ಮಾತು. ಪಾಲಿನ ಪಂಚಾಯ್ತಿಯಲ್ಲಿ ಹಿರಿಯರೆಲ್ಲ ಕೂತು ಆಡಿಸಲಾಗದ ಮಾತು. ತಮ್ಮನ ನಂದಿಯನ್ನೂ ತನ್ನ ಕಾರಿನಲ್ಲೇ, ಮೇಲೆ, ಇಟ್ಟುಕೊಳ್ಳುವುದಾಗಿಯೂ ಭಾವನವರು ಹೇಳಿದರು. ಕಣ್ಣು ಮುಚ್ಚಿದ್ದ ಅತ್ತೆ "ಹೂಂ" ಅಂದುಬಿಟ್ಟರು.

ನಾಲ್ಕು ಕಂಬದ ಲಿಫ್ಟ್ ಬಂದಿದೆ. ಸಂಪ್ ಇದ್ದಲ್ಲೇ ಇದೆ. ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಅಂಗಡಿ ಈಗಲೂ ಎರಡೇ, ಅಡುಗೆಮನೆಯೂ ಎರಡೇ. ಆದರೆ ಮೊನ್ನೆ ಭಾವನವರು ಪೋರ್ಟಿಕೋದಲ್ಲಿ ನಿಂತು "ಲೇ, ಗಾಡಿ ತೆಗಿಯಲೇ!" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದರು. ನಮ್ಮವರು ಅರ್ಧ ಹೆರೆದ ಗಡ್ಡದ ಸೋಪಿನಲ್ಲೇ ಕೀಲಿ ಹಿಡಿದು ಓಡಿದರು. ಕಾರು ಹೊರಗೆ ತೆಗೆದು, "ದೂರ ಹೊಂಟ್ಯಾ?" ಅಂದರು.

"ದೊಡ್ಡಉಳ್ಳಾರ್ತಿಗೆ. ಮಧ್ಯಾಹ್ನಕ್ಕೆ ಬರ್ತೀನಿ."

ಮಧ್ಯಾಹ್ನ ಊಟಕ್ಕೆ ಕೂತ ನಮ್ಮವರು ಎದ್ದು ಹೋಗಿ ಗೇಟಿನಾಚೆ ಇಣುಕಿ ಬಂದರು. ಇನ್ನೊಂದು ತುತ್ತು ತಿಂದು ಮತ್ತೆ ಎದ್ದರು.

ಯಾರನ್ನೂ ಕೇಳದೆ ಹೋಗಿಬರುವ ಸುಖಕ್ಕೆ ನಾವೆಲ್ಲ ಇಷ್ಟು ಆಸೆಪಡುತ್ತೇವಲ್ಲ, ಒಂದು ದಿನ ನಾವು ಮನೆಗೆ ಬರಲಿಲ್ಲ ಅನ್ನುವುದು ಗೊತ್ತಾಗುವುದಾದರೂ ಯಾರಿಗೆ?