ಹೊಸ್ತಿಲ ಆಚೆಯ ದಾಳಿಂಬೆ

ಕುತೈಸಿಯಲ್ಲಿ ಅಂಬಾಕೋನ ಚಿತ್ರವಿಲ್ಲದ ಮನೆ ಹುಡುಕುವುದು ಕಷ್ಟ. ಅಂಗೈ ಅಗಲದ ಹಲಗೆ, ಅದರ ಮೇಲೆ ಎರಡು ಬೆಳ್ಳುಳ್ಳಿ, ಇಲ್ಲವೇ ಒಂದು ಒಣಮೀನು, ಇಲ್ಲವೇ ಅರ್ಧ ಬಿಚ್ಚಿದ ದಾಳಿಂಬೆ ಮತ್ತು ಉಪ್ಪಿನ ಬಟ್ಟಲು. ಇಷ್ಟೇ ಅವನ ಲೋಕ. ಕ್ಷೌರದಂಗಡಿಯಲ್ಲಿ ಒಂದಿದೆ, ಪಾದ್ರಿಯ ಅಡುಗೆಮನೆಯಲ್ಲಿದೆ, ಪೊಲೀಸ್ ಠಾಣೆಯ ಕಕ್ಕಸಿನ ಬಾಗಿಲ ಮೇಲೂ ಇದೆ. ಆದರೆ ಮೀಸೆ ಪೂರ್ತಿ ಬೆಳ್ಳಗಾದರೂ ಆ ಪುಣ್ಯಾತ್ಮ ಒಂದೇ ಒಂದನ್ನೂ ಮಾರಿರಲಿಲ್ಲ. ಚಿತ್ರ ಕೆಟ್ಟದ್ದು ಎಂದಲ್ಲ. ಕೊಳ್ಳಲು ಬಂದವರನ್ನು ಒಳಗೆ ಕರೆದುಬಿಡುತ್ತಿದ್ದ, ಅದೇ ಎಡವಟ್ಟು.

ಹೊಸ್ತಿಲು ದಾಟಿದವನು ಅತಿಥಿ. ಅವನಿಗೆ ರೊಟ್ಟಿ ಮುರಿಯಬೇಕು, ವೈನ್ ಸುರಿಯಬೇಕು. ಅವನು ಗೋಡೆ ನೋಡಿ "ಚೆನ್ನಾಗಿದೆ" ಅಂದನೋ, ಮುಗಿಯಿತು ಕತೆ, ಮೊಳೆಯಿಂದ ಇಳಿಸಿ ಕೈಗೆ ಕೊಡಬೇಕು. ಅತಿಥಿಯ ಹತ್ತಿರ ಕಾಸು ಕೇಳಿದವನನ್ನು ಆ ಊರಿನಲ್ಲಿ ಯಾರೂ ಮನುಷ್ಯ ಎನ್ನುವುದಿಲ್ಲ. ಹಾಗಾದರೆ ಸೇತುವೆಯ ಹತ್ತಿರ ಹಾಸಿಕೊಂಡು ಕೂರಬಾರದೇ? ಕೂತೂ ನೋಡಿದ್ದ. ಹಾದುಹೋಗುವವರೆಲ್ಲ ಎಂದೋ ಅವನ ಮನೆಯಲ್ಲಿ ಉಂಡವರೇ. ಅವರಿಗೆ ಬೆಲೆ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಸಂಸಾರ ನಡೆದದ್ದು ಹೆಂಡತಿ ಝುಝುನಾಳ ಹೊಲಿಗೆ ಯಂತ್ರದಿಂದ.

ಆ ವರ್ಷ ಝುಝುನಾಳ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲಾಗದೆ ಯಂತ್ರಕ್ಕೆ ಬಟ್ಟೆ ಮುಚ್ಚಿದಳು. ಸುದ್ದಿ ಕೇಳಿ ಅವಳ ತಮ್ಮ ಗುರಾಮ ಬಂದ. ಅವನದು ಗೋರಿಕಲ್ಲಿನ ಕಾರ್ಖಾನೆ. ಕಪ್ಪು ಕಲ್ಲಿನ ಮೇಲೆ ಸತ್ತವರ ಮುಖ ಕೆತ್ತುವ ಕೆಲಸ.

"ಸೋಮವಾರದಿಂದ ಬಂದ್ಬಿಡು ಭಾವ. ಸತ್ತವರು ಚೌಕಾಸಿ ಮಾಡಲ್ಲ" ಎಂದ.

ಅಂಬಾಕೋ ಹಿಂದೊಮ್ಮೆ ಹೋಗಿದ್ದ. ಒಬ್ಬ ವಿಧವೆ ಗಂಡನನ್ನು ಕಾರಿನ ಸಮೇತ ಕೆತ್ತಲು ಹೇಳಿದ್ದಳು. ಕೆತ್ತಿದ ಮೇಲೆ, ಕಾರು ಹಳೆಯದಾಗಿ ಕಾಣುತ್ತದೆ, ಹೊಸದು ಹಾಕು ಎಂದು ಹಟ ಹಿಡಿದಳು. ಅಲ್ಲಿಂದ ಬಂದು ಬಿಡಿಸಿದ ದಾಳಿಂಬೆಗಳೆಲ್ಲ ಹೆಣದ ಹಾಗೆ ಕಂಡವು. ಮತ್ತೆ ಅಲ್ಲಿಗೆ ಹೋದರೆ ಕುಂಚ ಹಿಡಿಯುವ ಕೈ ಸತ್ತುಹೋಗುತ್ತದೆ ಎಂದು ಅವನಿಗೆ ನಿಜವಾಗಿಯೂ ಭಯವಿತ್ತು. ಝುಝುನಾಳಿಗೂ ಅದು ಗೊತ್ತಿತ್ತು.

"ಭಾನುವಾರದೊಳಗೆ ಒಂದು ಮಾರು, ಒಂದೇ ಒಂದು" ಎಂದಳು. "ಆಗ ಗುರಾಮಂಗೆ ನಾನೇ ಬೇಡ ಅಂತೀನಿ. ಇಲ್ಲಾಂದ್ರೆ ಉಳಿ ಹಿಡ್ಕೊಂಡು ಹೊರಡು ಮಾರಾಯ. ಬರೀ ದಾಳಿಂಬೆ ನೋಡ್ಕೊಂಡು ಹೊಟ್ಟೆ ತುಂಬಲ್ಲ."

ಭಾನುವಾರ ಮಧ್ಯಾಹ್ನ ಬೋಝೆನಾ ಎಂಬ ಪೋಲೆಂಡಿನ ಹಲ್ಲಿನ ಡಾಕ್ಟರಮ್ಮ ವಿಳಾಸ ಕೇಳಿಕೊಂಡು ಬಂದಳು. ಕ್ಷೌರದಂಗಡಿಯಲ್ಲಿದ್ದ ಚಿತ್ರ ಕಂಡು ಅವಳಿಗೆ ಆಸೆಯಾಗಿತ್ತು. ಅಂಬಾಕೋ ಎರಡೂ ಕೈ ಬಾಗಿಲ ಕಂಬಗಳಿಗೆ ಕೊಟ್ಟು ಅಡ್ಡ ನಿಂತ. ಮಳೆ ಶುರುವಾಯಿತು. ಒಳಗೆ ಕರೆಯುವ ಬದಲು ಕೊಡೆ ತಂದುಕೊಟ್ಟ. ಆಮೇಲೆ ಕಿಟಕಿಗೆ ಹೋಗಿ ಒಂದೊಂದೇ ಚಿತ್ರ ಎತ್ತಿ ತೋರಿಸತೊಡಗಿದ. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಎದುರು ಮನೆಯ ಶಾಲ್ವಾ ಮರದ ಜಗಲಿಯಿಂದ ಇದನ್ನು ಕಂಡ.

"ಏನಯ್ಯ ಅಂಬಾಕೋ, ಹೆಂಗಸನ್ನ ಮಳೇಲಿ ನಿಲ್ಸಿದೀಯ? ನಿಮ್ಮಪ್ಪ ಇದನ್ನ ನೋಡೋಕೆ ಮುಂಚೆ ಕಣ್ಮುಚ್ಚಿದ್ದೇ ಒಳ್ಳೇದಾಯ್ತು."

"ವ್ಯಾಪಾರ ನಡೀತಿದೆ ಶಾಲ್ವಾ. ನೀನು ಒಳಗೆ ಹೋಗು."

"ಮಳೇಲಿ ನಾಯಿ ನಿಂತಿದ್ರೂ ಒಳಗೆ ಕರೀತಾರೆ ಕಣೋ."

ಬೋಝೆನಾ ದಾಳಿಂಬೆಯ ಚಿತ್ರ ಆರಿಸಿ ಚೀಲಕ್ಕೆ ಕೈ ಹಾಕಿದ್ದಳು, ಅಷ್ಟೇ. ಶಾಲ್ವಾ ಚಪ್ಪಲಿ ಬಡಿಯುತ್ತ ಕೆಳಗಿಳಿದು ಬಂದು ಅವಳ ಮೊಣಕೈ ಹಿಡಿದು ತನ್ನ ಮನೆಗೆ ಕರೆದೊಯ್ದ. ಕೈಗೆ ಬಂದ ಗಿರಾಕಿ ಹೋದಳಲ್ಲ ಎಂದು ಅಂಬಾಕೋ ಚಿತ್ರವನ್ನು ಕೋಟಿನೊಳಗೆ ಅವಿತಿಟ್ಟುಕೊಂಡು ಹಿಂದೆಯೇ ಓಡಿದ.

ಮೇಜಿನ ಮೇಲೆ ಚೀಸ್ ರೊಟ್ಟಿ, ಅಕ್ರೋಟಿನ ಗೊಜ್ಜು ಹಾಕಿದ ಕೋಳಿ, ಹೂಜಿ ತುಂಬ ವೈನ್ ಬಂತು. ಶಾಲ್ವಾ ಲೋಟ ಎತ್ತಿ ಅತಿಥಿಯ ತಾಯಿಗೆ ಒಳ್ಳೆಯದಾಗಲಿ ಎಂದ, ಪೋಲೆಂಡಿಗೆ ಎಂದ, ಕೊನೆಗೆ ಜಗತ್ತಿನ ಎಲ್ಲ ಹಲ್ಲುಗಳಿಗೆ ಎಂದು ಅತ್ತ. ಅಂಬಾಕೋಗೆ ಒಂದು ತುತ್ತೂ ಇಳಿಯಲಿಲ್ಲ. ಬೋಝೆನಾ ಹರುಕುಮುರುಕು ಮಾತಿನಲ್ಲಿ, ದಾಳಿಂಬೆಗೆ ಅಲ್ಲಿನ ದುಡ್ಡಿನಲ್ಲಿ ಎಷ್ಟು ಲಾರಿ ಎಂದು ಕೇಳಿದಳು.

ಆಗ ಅವನಿಗೆ ಹೊಳೆಯಿತು. ಇದು ತನ್ನ ಮನೆಯಲ್ಲ. ಇಲ್ಲಿ ತಾನು ಉಣಬಡಿಸುವವನಲ್ಲ, ಅವಳ ಹಾಗೆ ಉಣ್ಣಲು ಬಂದವನು.

"ಐವತ್ತು ಲಾರಿ" ಎಂದ. ಮಾತು ಆಡಿದ ಮೇಲೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು.

ಅವಳು ನೋಟು ಮೇಜಿನ ಮೇಲಿಟ್ಟಳೋ ಇಲ್ಲವೋ, ಶಾಲ್ವಾ ಅದನ್ನು ಎತ್ತಿ ಅವಳ ಚೀಲಕ್ಕೇ ತುರುಕಿದ.

"ನನ್ನ ಮನೇಲಿ ನನ್ನ ಅತಿಥಿ ದುಡ್ಡು ಬಿಚ್ಚೋದಾ? ನಾನೇನು ಸತ್ತಿದೀನಾ?"

ಬಿಸ್ಕತ್ತಿನ ಡಬ್ಬಿಯಿಂದ ತನ್ನದೇ ಐವತ್ತು ಲಾರಿ ತೆಗೆದು ಅಂಬಾಕೋನ ಮುಂದಿಟ್ಟ.

"ನಿನ್ನ ಹತ್ರ ಹ್ಯಾಗೆ ತೊಗೊಳ್ಳಲಿ? ನಮ್ಮನೇಲಿ ಉಂಡೋನು ನೀನು."

"ಅದು ನಿಮ್ಮನೇಲಿ. ಇಲ್ಲಿ ನೀನು ಅತಿಥಿ. ಮನೆಯವನು ಕೊಟ್ಟಿದ್ದನ್ನ ಅತಿಥಿ ಬೇಡ ಅಂತಾನಾ?"

ಅಂಬಾಕೋ ನೋಟು ಮಡಚಿ ಜೇಬಿಗಿಟ್ಟು, ಕೋಟಿನೊಳಗಿನ ದಾಳಿಂಬೆಯನ್ನು ಬೋಝೆನಾಳ ಕೈಗೆ ಕೊಟ್ಟ. ಡಾಕ್ಟರಮ್ಮನನ್ನು ಕಳಿಸಿದ ಮೇಲೆ ಶಾಲ್ವಾ ಅವನನ್ನು ಬಾಗಿಲವರೆಗೆ ಬಿಡಲು ಬಂದ. ಅಲ್ಲಿ ನಿಂತು, ತನ್ನ ಗೋಡೆ ತುಂಬ ನೇತಾಡುತ್ತಿದ್ದ, ಅಂಬಾಕೋ ಎಂದೋ ಕೊಟ್ಟ ಬೆಳ್ಳುಳ್ಳಿ, ಮೀನಿನ ಚಿತ್ರಗಳ ಕಡೆ ಕೈ ತೋರಿಸಿದ.

"ಇವನ್ನ ನೋಡ್ದಾಗೆಲ್ಲ ನಂಗೆ ನಾಚಿಕೆ ಆಗತ್ತೆ ಕಣೋ. ದುಡ್ಡು ಕೊಡೋಣ ಅಂದ್ರೆ ನೀನು ಯಾವಾಗ್ಲೂ ನಿನ್ನ ಹೊಸ್ತಿಲ ಒಳಗೇ ನಿಂತಿರ್ತೀಯ."

ಅಂಬಾಕೋ ಮನೆಗೆ ಬಂದು ನೋಟನ್ನು ಹೆಂಡತಿಯ ಅಂಗೈಯಲ್ಲಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಝುಝುನಾ ನೋಟನ್ನು ಮಂಜುಗಣ್ಣಿನ ಹತ್ತಿರ ಹಿಡಿದು ನೋಡಿದಳು.

"ದುಡ್ಡು ಕೊಡೋಕೆ ಊರವರಿಗೇ ಮನಸ್ಸಿಲ್ಲ ಅಂದ್ಕೊಂಡು ಇಷ್ಟು ವರ್ಷ ಬೈದೆ" ಎಂದಳು.

ಸೋಮವಾರ ಬೆಳಿಗ್ಗೆ ಗುರಾಮನ ವ್ಯಾನು ಬಂತು. ಒಡಹುಟ್ಟಿದ ತಮ್ಮ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಝುಝುನಾ ಎರಡೂ ಕಂಬಗಳಿಗೆ ಕೈ ಕೊಟ್ಟು ಅಡ್ಡ ನಿಂತಳು.

"ಏನಕ್ಕ, ಒಳಗೆ ಬಿಡಲ್ವಾ?"

"ಅಲ್ಲೇ ನಿಂತ್ಕೋ. ನಿಮ್ಮ ಭಾವ ಕೆಲಸಕ್ಕೆ ಬರಲ್ಲ. ಅವನಿಗೆ ಕೆಲಸ ಇದೆ."

ಗುರಾಮ ತಬ್ಬಿಬ್ಬಾದ. ಅಕ್ಕನ ಹೆಗಲ ಮೇಲಿಂದ ಒಳಗಿನ ಗೋಡೆ ನೋಡಿದ. "ಆ ಬೆಳ್ಳುಳ್ಳಿದು ಚೆನ್ನಾಗಿದೆ" ಎಂದ, ಎಲ್ಲರೂ ಅನ್ನುವ ಹಾಗೆ. ಒಳಗೆ ಕೂತಿದ್ದ ಅಂಬಾಕೋ ಕೂಡಲೇ ಎದ್ದು ಮೊಳೆಯ ಕಡೆ ಕೈ ಚಾಚಿದ.

"ಐವತ್ತು ಲಾರಿ" ಎಂದಳು ಝುಝುನಾ, ಹಿಂದಿರುಗಿ ನೋಡದೆ.

ಗುರಾಮ ನಕ್ಕ. ಅಕ್ಕ ನಗಲಿಲ್ಲ. ಅವನು ಮೆಲ್ಲಗೆ ಜೇಬಿಗೆ ಕೈ ಹಾಕಿದ. ನೋಟು ಕೈಗೆ ಬಂದ ಮೇಲೆ ಝುಝುನಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಈಗ ಒಳಗೆ ಬಾ" ಎಂದಳು, "ಊಟ ಮಾಡುವಂತೆ."