ಎಲ್ಲರೂ ಮ್ಯಾನೇಜರಾಗಿದ್ದ ಕಚೇರಿ

ನಮ್ಮ ಕುಮಟಾ ಕಚೇರಿಯ ಕಂಪ್ಯೂಟರುಗಳನ್ನು ಹೊನ್ನಾವರದ ಸರ್ವರಿಗೆ ಜೋಡಿಸಿದ ಇಂಜಿನಿಯರ್, ‘ಅವರವರ ಹೆಸರಲ್ಲಿ ಲಾಗಿನ್ ಆದರೆ ಸಾಕು, ಡೇಟಾಬೇಸಿಗೆ ಬೇರೆ ಪಾಸ್‌ವರ್ಡ್ ಬೇಡ, ಯಾರು ಬಂದರೆಂದು ಅದಕ್ಕೇ ತಿಳಿಯುತ್ತದೆ’ ಎಂದಿದ್ದ. ನಮ್ಮ ಮ್ಯಾನೇಜರ್ ಮಹಾಶಯರಿಗೆ ಅದು ಅವಮಾನವೆನಿಸಿತು.

‘ಎಂತಕ್ಕೆ ಎಲ್ಲರ ಹೆಸರು? ನನ್ನದೊಂದು ಸಾಕು.’

ಅಂದಿನಿಂದ ಜವಾನ ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಎಲ್ಲ ಕಂಪ್ಯೂಟರುಗಳಲ್ಲೂ ಸಾಹೇಬರ ಹೆಸರು ಹೊಡೆದು ಲಾಗಿನ್ ಮಾಡುತ್ತಿದ್ದ.

ಅವರು ರಜೆ ಹಾಕಿದ್ದ ದಿನ ತದಡಿ ಬಂದರಿನ ದೋಣಿಗಳ ದಾಖಲೆಯನ್ನು ಯಾರೋ ಅಳಿಸಿಬಿಟ್ಟರು. ಮೇಲಧಿಕಾರಿ ಬಂದು ಸರ್ವರಿನ ಲೆಕ್ಕ ತೆಗೆದು ನೋಡಿದರೆ, ಅಳಿಸಿದವರು ಮ್ಯಾನೇಜರ್.

‘ನಾನು ಊರಲ್ಲೇ ಇರ್ಲಿಲ್ಲ ಸಾರ್! ಇವರಲ್ಲೇ ಯಾರೋ ಮಾಡಿದ್ದು!’

ಇವರೆಂದರೆ ಯಾರು? ಸರ್ವರಿನ ಪ್ರಕಾರ ಆ ಕಚೇರಿಯಲ್ಲಿ ನಾವ್ಯಾರೂ ಒಂದು ದಿನವೂ ಕೆಲಸ ಮಾಡಿರಲೇ ಇಲ್ಲ.