ಅರಿಶಿನದ ಮುಖಕ್ಕೆ ಬರೆದ ಕಣ್ಣು

ಆ ಕಣ್ಣುಗಳು ಎಷ್ಟು ದೊಡ್ಡವಿದ್ದವು ಎಂದು ಈಗ ಕೇಳಿದರೆ ಮನೆಯ ಮೂವರೂ ಬೇರೆಬೇರೆ ಅಳತೆ ಹೇಳುತ್ತೇವೆ. ನನ್ನದನ್ನು ನಂಬಬೇಡಿ, ಪ್ರತಿ ಸಲ ಹೇಳುವಾಗಲೂ ಅವು ಇನ್ನಷ್ಟು ಅಗಲವಾಗುತ್ತವೆ.

ಮುಂಬಯಿಯ ಸಾಂತಾಕ್ರೂಜ್‌ನ ನಮ್ಮ ಫ್ಲ್ಯಾಟಿನಲ್ಲಿ ನವರಾತ್ರಿ ಶುರುವಾಗುವ ದಿನ ಕಲಶದ ತೆಂಗಿನಕಾಯಿಗೆ ಅರಿಶಿನ ಮೆತ್ತಿ, ದೇವಿಯ ಮುಖ ತಿದ್ದಿ, ಕಾಡಿಗೆಯಲ್ಲಿ ಕಣ್ಣು ಬರೆಯುವುದು ಅಮ್ಮನ ಕೆಲಸ. ಲೋಕಲ್ ರೈಲು ಹತ್ತಿ ಮಾಟುಂಗದಿಂದ ಹೂ ತರುವುದು ನನ್ನದು. ಅಮ್ಮ ಮೈಸೂರಿನವರು. ಅವರ ದೇವಿಗೆ ಅರೆ ಮುಚ್ಚಿದ ಕಣ್ಣು, ಈಗ ತಾನೇ ಮಗುವಿಗೆ ಹಾಲು ಕುಡಿಸಿ ಮಲಗಿಸಿದವಳ ಹಾಗೆ.

ಆ ವರ್ಷ ಅಮ್ಮನ ಕೈ ನಡುಗುತ್ತಿತ್ತು. ಹೊಸದಾಗಿ ಬಂದ ಸೊಸೆಗೆ, ಅಂದರೆ ನನ್ನ ಹೆಂಡತಿಗೆ, "ನೀನೇ ಬರಿಯಮ್ಮ" ಎಂದರು. ಅತ್ತೆ ಒಪ್ಪಿಸಿದ ಮೊದಲ ಕೆಲಸ. ಕೆಟ್ಟರೆ ಮತ್ತೆಂದೂ ದೇವರ ಹತ್ತಿರ ಕರೆಯುವುದಿಲ್ಲವೆಂದು ಅವಳಿಗೆ ಭಯ.

ಅವಳು ಉಡುಪಿ ಕಡೆಯವಳು. ಅವಳು ಕಂಡು ಬೆಳೆದ ದೇವಿಯರು ಕಣ್ಣು ಕೆರಳಿಸಿ, ಕೋರೆಹಲ್ಲು ತೋರಿಸಿ ನಿಲ್ಲುವವರು. ಬರೆದಳು. ಅಮ್ಮ ಕನ್ನಡಕವಿಲ್ಲದೆಯೇ ಅಕ್ಷತೆ ಹಾಕಿ ಆವಾಹನೆ ಮುಗಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡರು.

"ಅಯ್ಯೋ, ಏನಮ್ಮಾ ಇದು! ನುಂಗೋ ಹಾಗೆ ನೋಡ್ತಿದಾಳಲ್ಲ!"

"ನಮ್ಮಲ್ಲಿ ದೇವಿ ಹೀಗೇ ಇರುದು ಅತ್ತೆ. ಅಳಿಸಿ ಬೇರೆ ಬರೆಯುದಾ?"

"ಆವಾಹನೆ ಆದ್ಮೇಲೆ ಮುಟ್ಟೋ ಹಾಗಿಲ್ಲ. ವಿಸರ್ಜನೆವರೆಗೂ ಹೀಗೇ ಇರ್ತಾಳೆ."

ಹೆಂಡತಿ ಅಡುಗೆಮನೆ ಸೇರಿ ಅತ್ತಳು. ಈರುಳ್ಳಿ ಹೆಚ್ಚುತ್ತಿದ್ದೆ ಎನ್ನುತ್ತಾಳೆ ಈಗ. ನವರಾತ್ರಿಯಲ್ಲಿ ನಮ್ಮ ಮನೆಗೆ ಈರುಳ್ಳಿ ಬರುವುದಿಲ್ಲ.

ತಣ್ಣಗಾಗಲಿ ಎಂದು ಅಮ್ಮ ದೇವಿಗೆ ಮೊಸರನ್ನವನ್ನೇ ನೈವೇದ್ಯ ಮಾಡತೊಡಗಿದರು. ಆಮೇಲೊಂದು ಸಂಜೆ, ಲಲಿತಾ ಪಂಚಮಿಯಂದೋ ಅದರ ಹಿಂದಿನ ದಿನವೋ, ಅವರು ಕಲಶದ ಮುಂದೆ ಕೂತು ಜೋರಾಗಿ ಮಾತಾಡುವುದು ಕೇಳಿಸಿತು. ಲಿಫ್ಟ್ ರಿಪೇರಿ ಮಾಡಿಸದ ಸೊಸೈಟಿ ಸೆಕ್ರೆಟರಿಯಿಂದ ಶುರು. ಆಮೇಲೆ ಅಪ್ಪ.

"ಒಂದ್ ಮಾತೂ ಹೇಳ್ದೆ, ನಿದ್ದೇಲೇ ಹೊರಟುಹೋದ್ರಲ್ಲ! ಕೇಳು ನೀನು ಅವರನ್ನ, ಬಿಡಬೇಡ."

ಅಪ್ಪ ತೀರಿಕೊಂಡಾಗಲೂ ಅಮ್ಮ ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. ಅಷ್ಟು ವರ್ಷ ಅರೆಗಣ್ಣಿನ ದೇವಿಯ ಆ ಶಾಂತ ಮುಖದೆದುರು ಸಿಟ್ಟು ತೋರಿಸುವುದಾದರೂ ಹೇಗೆ?

ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕಂಡು ಮೂಗು ಒರೆಸಿಕೊಂಡರು. "ಇವಳು ಚೆನ್ನಾಗಿ ಕೇಳಿಸ್ಕೋತಾಳೆ ಕಣೇ. ಬಾ, ನಿಂದೂ ಏನಾದ್ರೂ ಇದ್ರೆ ಹೇಳ್ಕೋ."

"ಉಂಟು ಅತ್ತೆ. ಆದ್ರೆ ಎಲ್ಲ ನಿಮ್ಮ ಮೇಲೆಯೇ."

"ಇರ್ಲಿ, ಹೇಳೇ. ನಾನೂ ಕೇಳ್ತೀನಿ." ಅಮ್ಮ ಚಾಪೆಯಲ್ಲಿ ಸರಿದು ಜಾಗ ಮಾಡಿದರು.

ಅವಳು ಏನು ಹೇಳಿದಳೋ ಗೊತ್ತಿಲ್ಲ. ಇಬ್ಬರೂ ಸೇರಿ ನನ್ನನ್ನು ಹಾಲು ತರಲು ಕಳಿಸಿಬಿಟ್ಟರು.